ಆಟವಾಡುವ ಮಕ್ಕಳಿಗೆ ಆಟ ಕಟ್ಟುವ ಪಾಠ

(ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಮಕ್ಕಳು ಮೊಬೈಲ್ ಆಟದಲ್ಲಿ ಮುಳುಗಿ ಓದು ಮರೆತರು ಎಂಬ ದೂರು ಇಂದು ಪ್ರತಿಯೊಂದು ಮನೆಯಲ್ಲಿಯೂ ಕೇಳಿಬರುತ್ತದೆ. ದೂರು ಸುಳ್ಳಲ್ಲ. ಆದರೆ ಆಟವನ್ನು ಆಡುವುದು ಬೇರೆ, ಆಟವನ್ನು ಕಟ್ಟುವುದು ಬೇರೆ. ಒಂದು ಸಣ್ಣ ಚೆಂಡು ಗೋಡೆಗೆ ಬಡಿದು ಹಿಂತಿರುಗುವಂತೆ ಮಾಡಲು ಎಷ್ಟು ಲೆಕ್ಕ, ಎಷ್ಟು ತಾಳ್ಮೆ ಬೇಕು ಎಂಬುದು ಕಟ್ಟಿದವರಿಗೇ ಗೊತ್ತು. ಆದುದರಿಂದ ಈ ದಿನ ನಿಮ್ಮ ಮುಂದೆ 'ಪೈಗೇಮ್' ಎಂಬ ಸಾಧನದ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ನೆದರ್‌ಲ್ಯಾಂಡ್ಸ್‌ನ ಗೀಡೊ ವಾನ್ ರೋಸಮ್ ಅವರು 1991ರಲ್ಲಿ ಅದನ್ನು ಹೊರತಂದರು. (ಹೆಸರು ಹೆಬ್ಬಾವಿನಿಂದ ಬಂದದ್ದಲ್ಲ, ಬ್ರಿಟನ್ನಿನ ಮಾಂಟಿ ಪೈಥಾನ್ ಎಂಬ ಹಾಸ್ಯ ಕಾರ್ಯಕ್ರಮದಿಂದ ಬಂದದ್ದು.) ಅಮೆರಿಕದ ಸ್ಯಾಮ್ ಲ್ಯಾಂಟಿಂಗಾ ಎಂಬುವರು 1998ರಲ್ಲಿ 'ಎಸ್‌ಡಿಎಲ್' ಎಂಬ ಲೈಬ್ರರಿ ರಚಿಸಿದರು. ಪರದೆ, ಧ್ವನಿ, ಕೀಲಿಮಣೆ, ಮೌಸ್ ಇವನ್ನೆಲ್ಲ ಒಂದೇ ರೀತಿಯಲ್ಲಿ ಬಳಸಲು ಅದು ನೆರವಾಗುತ್ತದೆ. ಆದರೆ ಅದನ್ನು ಸಿ ಭಾಷೆಯಲ್ಲಿ ಬರೆಯಬೇಕು, ಅದು ಹೊಸಬರಿಗೆ ಕಠಿಣ. ಎಸ್‌ಡಿಎಲ್ ಅನ್ನು ಪೈಥಾನ್‌ಗೆ ಜೋಡಿಸುವ ಮೊದಲಿನ ಪ್ರಯತ್ನವೊಂದು ಅರ್ಧಕ್ಕೆ ನಿಂತಾಗ ಪೀಟ್ ಶಿನ್ನರ್ಸ್ ಎಂಬುವರು ಹೊಸದಾಗಿ ಆರಂಭಿಸಿ 2000ನೇ ಇಸವಿಯ ಅಕ್ಟೋಬರ್‌ನಲ್ಲಿ ಪೈಗೇಮ್ ಬಿಡುಗಡೆ ಮಾಡಿದರು. ಸರಿಯಾಗಿ ಇಪ್ಪತ್ತು ವರ್ಷಗಳ ನಂತರ, 2020ರ ಅಕ್ಟೋಬರ್ 28ರಂದು, ಅದರ ಎರಡನೇ ಆವೃತ್ತಿ ಬಂತು.

ಇದು ಮುಕ್ತ ತಂತ್ರಾಂಶ. ಹಣ ಕೊಡಬೇಕಾಗಿಲ್ಲ, ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಇದನ್ನು ಬಳಸಿ ನೀವು ರಚಿಸಿದ ಆಟವನ್ನು ಮಾರುವುದಕ್ಕೂ ಅಡ್ಡಿಯಿಲ್ಲ. ಲೈಬ್ರರಿಯನ್ನೇ ತಿದ್ದಿ ಇತರರಿಗೆ ಹಂಚಿದರೆ ಮಾತ್ರ ಆ ತಿದ್ದುಪಡಿಯ ಮೂಲವನ್ನೂ ಕೊಡಬೇಕು. ಹೀಗೆ ಸಂಬಳವಿಲ್ಲದೆ ದುಡಿಯುವವರ ಕೆಲಸ ಎಂದೂ ಸುಗಮವಲ್ಲ. 2009ರ ಬಳಿಕ ಹಲವು ವರ್ಷ ಪೈಗೇಮ್ ಹೆಚ್ಚು ಮುಂದುವರಿಯಲಿಲ್ಲ. 2023ರಲ್ಲಿ ಅದರ ಹಲವು ಮುಖ್ಯ ಕೆಲಸಗಾರರು ಬೇರೆಯಾಗಿ 'ಪೈಗೇಮ್ ಸಿಇ' ಎಂಬ ಕವಲನ್ನು ಆರಂಭಿಸಿದರು. ಕಲಿಯುವವರಿಗೆ ಇದರಿಂದ ತೊಂದರೆಯಿಲ್ಲ, ಎರಡರ ಪಾಠವೂ ಬಹುಮಟ್ಟಿಗೆ ಒಂದೇ. ಹೊಸದಾಗಿ ತೊಡಗುವವರು ಸಿಇಯನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳುತ್ತೇನೆ.

ಇನ್ನು ಆಟ ನಡೆಯುವ ಬಗೆ. ಪರದೆಯ ಮೇಲೆ ಚೆಂಡು ಓಡುತ್ತಿದೆ ಎಂದು ನೀವು ಭಾವಿಸುತ್ತೀರಿ. ವಾಸ್ತವದಲ್ಲಿ ಯಾವುದೂ ಓಡುವುದಿಲ್ಲ. ಕಂಪ್ಯೂಟರ್ ಮೂರು ಕೆಲಸಗಳನ್ನು ಸುತ್ತಿ ಸುತ್ತಿ ಮಾಡುತ್ತದೆ: ಯಾವ ಕೀಲಿ ಒತ್ತಿದಿರಿ ಎಂದು ಕೇಳುತ್ತದೆ, ಚೆಂಡಿನ ಹೊಸ ಸ್ಥಾನವನ್ನು ಲೆಕ್ಕ ಹಾಕುತ್ತದೆ, ಹಳೆಯ ಚಿತ್ರವನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಸೆಕೆಂಡಿಗೆ 60 ಸಲ ಸುತ್ತಿದರೆ ಒಂದು ಸುತ್ತಿಗೆ ಸಿಗುವ ಅವಧಿ ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ 640 ಅಗಲ, 480 ಎತ್ತರದ ಪರದೆಯಲ್ಲಿ 3,07,200 ಚುಕ್ಕೆಗಳನ್ನು ಸಿದ್ಧಪಡಿಸಬೇಕು. ಆ ಭಾರವನ್ನು ಹೊರುವುದು ಒಳಗಿರುವ ಸಿ ಭಾಷೆಯ ಭಾಗ. ನೀವು ಬರೆಯಬೇಕಾದದ್ದು ಮೂವತ್ತು ನಲವತ್ತು ಸಾಲಿನ ಪೈಥಾನ್ ಮಾತ್ರ.

ಗಣಿತ ಯಾಕೆ ಕಲಿಯಬೇಕು ಎಂದು ಕೇಳುವ ವಿದ್ಯಾರ್ಥಿಗಳು ಇಲ್ಲಿ ಗಮನಿಸಿ. ಚೆಂಡು ಗೋಡೆಗೆ ತಾಗಿದಾಗ ಅದರ ವೇಗವನ್ನು ಋಣ ಒಂದರಿಂದ ಗುಣಿಸಬೇಕು, 5 ಇದ್ದದ್ದು -5 ಆಗುತ್ತದೆ, ಚೆಂಡು ಹಿಂತಿರುಗುತ್ತದೆ. ಋಣ ಸಂಖ್ಯೆ ಪುಸ್ತಕದಿಂದ ಎದ್ದು ಬಂದು ನಿಮ್ಮ ಕಣ್ಣೆದುರು ನಡೆಯುತ್ತದೆ. ನಕ್ಷೆಯ ಪಾಠದಲ್ಲಿ ವೈ ಅಕ್ಷ ಮೇಲಕ್ಕೆ ಏರುತ್ತದೆ, ಇಲ್ಲಿ ಅದು ಕೆಳಕ್ಕೆ ಏರುತ್ತದೆ. ಸೊನ್ನೆ ಇರುವುದು ಪರದೆಯ ಎಡ ಮೇಲಿನ ಮೂಲೆಯಲ್ಲಿ. ಮೊದಲ ದಿನ ಗೊಂದಲವಾಗುತ್ತದೆ, ಎರಡನೆಯ ದಿನ ಅಭ್ಯಾಸವಾಗುತ್ತದೆ.

ಈಗ ಉರ್ದು ಮತ್ತು ಕನ್ನಡ ಬೋಧಿಸುವ ನನಗೆ ಅತ್ಯಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಮಕ್ಕಳಿಗೆ ನಮ್ಮ ಭಾಷೆಯಲ್ಲೇ ಪದಗಳ ಆಟ ರಚಿಸಬೇಕೆಂದು ಹೊರಟರೆ ಏನಾಗುತ್ತದೆ? ಅಡಗಿಸಿದ ಪದವನ್ನು ಒಂದೊಂದೇ ಅಕ್ಷರ ಊಹಿಸಿ ಹೇಳುವ ಆಟ ನಿಮಗೆ ಗೊತ್ತು. 'ಪುಸ್ತಕ' ಎಂಬ ಪದಕ್ಕೆ ಎಷ್ಟು ಮನೆ ಬರೆಯಬೇಕು? ಒಂದನೇ ತರಗತಿಯ ಮಗುವೂ ಮೂರು ಎನ್ನುತ್ತದೆ. ಪೈಥಾನ್‌ ಆರು ಎನ್ನುತ್ತದೆ! ಯೂನಿಕೋಡ್‌ನಲ್ಲಿ ಪ, ಅದರ ಉಕಾರ, ಸ, ವಿರಾಮ ಚಿಹ್ನೆ, ತ, ಕ ಎಂದು ಆರು ಸಂಕೇತಗಳಿವೆ. ಉರ್ದುವಿನ 'ಕಿತಾಬ್'ಗೆ ಈ ತೊಂದರೆಯಿಲ್ಲ. ಕಾಫ್, ತೇ, ಅಲಿಫ್, ಬೇ ನಾಲ್ಕೇ ಅಕ್ಷರ, ನಾಲ್ಕೇ ಸಂಕೇತ. ಆದರೆ ಅಲ್ಲಿ ತೊಂದರೆ ಆಕಾರದ್ದು. ಮೊದಲ ಮೂರು ಅಕ್ಷರಗಳು ಕೈಹಿಡಿದು ನಿಲ್ಲಬೇಕು, ಬೇ ಮಾತ್ರ ಪ್ರತ್ಯೇಕ, ಬರಹ ಬಲದಿಂದ ಎಡಕ್ಕೆ ಸಾಗಬೇಕು. ಹಳೆಯ ಪೈಗೇಮ್‌ನಲ್ಲಿ ಅದು ಎಡದಿಂದ ಬಲಕ್ಕೆ ಬಿಡಿಬಿಡಿಯಾಗಿ ಬೀಳುತ್ತಿತ್ತು. ಕನ್ನಡದ ಒತ್ತಕ್ಷರಗಳೂ ಕೆಳಗಿಳಿಯದೆ ಪಕ್ಕದಲ್ಲಿ ಮುರಿದು ನಿಲ್ಲುತ್ತಿದ್ದವು. ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಜೋಡಿಸಿದರೆ ಸಾಕು ಎಂದು ತಯಾರಾದ ಯಂತ್ರಕ್ಕೆ ನಮ್ಮ ಲಿಪಿಗಳ ಒಡನಾಟ ತಿಳಿಯದು.

ಇದಕ್ಕೆ ಪರಿಹಾರವಾಗಿ ಬಂದದ್ದು 'ಹಾರ್ಫ್‌ಬಝ್' ಎಂಬ ಮತ್ತೊಂದು ಮುಕ್ತ ಲೈಬ್ರರಿ. ಇರಾನ್ ಮೂಲದ ಬೆಹದಾದ್ ಇಸ್ಫಹಬೋದ್ ಅದರ ಪ್ರಮುಖ ರಚನೆಕಾರರು. ಉರ್ದು ಬಲ್ಲವರಿಗೆ ಹೆಸರಿನ ಅರ್ಥ ಕೂಡಲೇ ತಿಳಿಯುತ್ತದೆ. ಹರ್ಫ್ ಎಂದರೆ ಅಕ್ಷರ, ಫಾರಸಿಯಲ್ಲಿ ಬಾಝ್ ಎಂದರೆ ತೆರೆದದ್ದು. 'ಓಪನ್‌ಟೈಪ್' ಎಂಬ ಇಂಗ್ಲಿಷ್ ಹೆಸರಿನ ಫಾರಸಿ ರೂಪವಿದು. ಎಸ್‌ಡಿಎಲ್‌ನ ಅಕ್ಷರ ವಿಭಾಗಕ್ಕೆ 2022ರಲ್ಲಿ ಇದರ ನೆರವು ಸೇರಿತು. ಪೈಗೇಮ್ ಸಿಇಯಲ್ಲಿ ಬರಹದ ಲಿಪಿ ಯಾವುದು, ದಿಕ್ಕು ಯಾವುದು ಎಂದು ನೀವೇ ತಿಳಿಸಬಹುದು. ಕನ್ನಡ ಲಿಪಿಯ ಸಂಕೇತ ಕೆ, ಎನ್, ಡಿ, ಎ ಎಂಬ ನಾಲ್ಕಕ್ಷರ. ನೋಟೊ ಕುಟುಂಬದಲ್ಲಿ ಕನ್ನಡಕ್ಕೂ ಉರ್ದು ನಸ್ತಾಲೀಖ್‌ಗೂ ಉಚಿತ ಫಾಂಟ್‌ಗಳಿವೆ, ಫಾಂಟ್ ಕಡತವನ್ನು ನಿಮ್ಮ ಆಟದ ಕಡತವಿರುವ ಕಡೆಯೇ ಇಟ್ಟುಕೊಳ್ಳಿ. ಅದೂ ಸರಿಬರದಿದ್ದರೆ ಪದವನ್ನು ಬೇರೆಡೆ ಬರೆದು ಚಿತ್ರವಾಗಿ ಉಳಿಸಿ ಆಟದಲ್ಲಿ ಅಂಟಿಸುವ ಹಳೆಯ ಉಪಾಯ ಇದ್ದೇ ಇದೆ. ಮನೆಗಳ ಎಣಿಕೆಯನ್ನು ಮಾತ್ರ ಯಾವ ಫಾಂಟೂ ಸರಿಪಡಿಸದು. ಗುಣಿತ ಚಿಹ್ನೆಯನ್ನೂ ಒತ್ತನ್ನೂ ಹಿಂದಿನ ಅಕ್ಷರಕ್ಕೇ ಸೇರಿಸಿ ಎಣಿಸುವ ನಿಯಮವನ್ನು ನೀವೇ ಬರೆಯಬೇಕು. ಕನ್ನಡ ವ್ಯಾಕರಣ ಬಲ್ಲವನೇ ಆ ನಿಯಮ ಬರೆಯಬಲ್ಲ ಎಂಬುದನ್ನು ಭಾಷಾ ವಿಷಯವನ್ನು ಕಡೆಗಣಿಸುವ ವಿಜ್ಞಾನ ವಿದ್ಯಾರ್ಥಿಗಳು ನೆನಪಿಡಬೇಕು.

ಇಂಗ್ಲಿಷ್ ಬಾರದೆ ಇದನ್ನೆಲ್ಲ ಕಲಿಯಲಾದೀತೇ ಎಂದು ಉರ್ದು ಮಾಧ್ಯಮದ ಮಕ್ಕಳು ಅಂಜುತ್ತಾರೆ. ಆರಂಭಕ್ಕೆ ಬೇಕಾದ ಪೈಥಾನ್ ಪದಗಳು ಹತ್ತಿಪ್ಪತ್ತು. 2008ರಲ್ಲಿ ಬಂದ ಮೂರನೇ ಪೈಥಾನ್‌ನಿಂದ ಈಚೆಗೆ 'ಚೆಂಡು', 'ವೇಗ' ಎಂದು ಕನ್ನಡದಲ್ಲೇ ಹೆಸರಿಡಬಹುದು, ಉರ್ದುವಿನಲ್ಲೂ ಇಡಬಹುದು. ವಿವರಣೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುವುದು ನಿಜ, ಅದನ್ನು ಮುಚ್ಚಿಡಲಾರೆ. ಇಬ್ಬರು ಮೂವರು ಸೇರಿ ಓದಿದರೆ ಸಾಗುತ್ತದೆ.

ಇನ್ನೊಂದು ಮಾತು ಪೋಷಕರಿಗೆ. ಪೈಗೇಮ್ ಕಲಿತ ಮಾತ್ರಕ್ಕೆ ಮಗನಿಗೋ ಮಗಳಿಗೋ ದೊಡ್ಡ ಕಂಪನಿಯಲ್ಲಿ ಕೆಲಸ ಸಿಗುತ್ತದೆಂದು ಯಾರಾದರೂ ಹೇಳಿ ಶುಲ್ಕ ಕೇಳಿದರೆ ನಂಬಬೇಡಿ. ದೊಡ್ಡ ಆಟಗಳನ್ನು ಸಿ++ ಮುಂತಾದ ಬೇರೆ ಸಾಧನಗಳಲ್ಲಿ ರಚಿಸುತ್ತಾರೆ. ಇದು ಕಲಿಕೆಯ ಅಂಗಳ. ಆದರೂ 2006ರಲ್ಲಿ ಫಿನ್‌ಲ್ಯಾಂಡ್‌ನ ಗೆಳೆಯರ ತಂಡವೊಂದು ಪೈಗೇಮ್ ಬಳಸಿ, ಕೀಲಿಮಣೆಯನ್ನೇ ಗಿಟಾರಿನಂತೆ ಹಿಡಿದು ನುಡಿಸುವ 'ಫ್ರೆಟ್ಸ್ ಆನ್ ಫೈರ್' ಎಂಬ ಆಟ ರಚಿಸಿ ಅಸೆಂಬ್ಲಿ ಸ್ಪರ್ಧೆಯಲ್ಲಿ ಗೆದ್ದಿತು. ಹಳೆಯ ಕಂಪ್ಯೂಟರ್ ಸಾಕು, ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್‌ನೆಟ್ ಕೂಡ ಬೇಡ.

ವಿದ್ಯಾರ್ಥಿಗಳೇ, ಮನೆಗೆ ಒಂದು ಲೆಕ್ಕ ಕೊಡುತ್ತೇನೆ. ಚೆಂಡಿನ ಅಗಲ 8 ಚುಕ್ಕೆ, ದಾಂಡಿನ ದಪ್ಪ 10 ಚುಕ್ಕೆ. ಚೆಂಡು ಸುತ್ತಿಗೆ 5 ಚುಕ್ಕೆ ಚಲಿಸಿದರೆ ದಾಂಡಿಗೆ ತಪ್ಪದೆ ಬಡಿಯುತ್ತದೆ. 25 ಚುಕ್ಕೆ ಚಲಿಸಿದರೆ ಒಮ್ಮೊಮ್ಮೆ ದಾಂಡಿನ ಮೂಲಕವೇ ಹಾದುಹೋದಂತೆ ಕಾಣುತ್ತದೆ. ಯಾಕೆ? ಮೊದಲು ಕಾಗದದ ಮೇಲೆ ಬರೆದು ನೋಡಿ, ಅನಂತರ ಕಂಪ್ಯೂಟರ್ ಮುಂದೆ ಕುಳಿತುಕೊಳ್ಳಿ.