ಗೆರೆಯೂ ಅಕ್ಷರವೂ
(ಸಂಘದ ಕಂಪ್ಯೂಟರ್ ತರಗತಿಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ, ನಿದ್ದೆಗೆಟ್ಟು ಬಂದು ಕುಳಿತಿದ್ದೀರಿ. ಆದ್ದರಿಂದ ಮಾತು ಬೆಳೆಸದೆ ಅನುಭವವೊಂದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನಾನಿದ್ದ ಹೋಟೆಲಿನಲ್ಲಿ ಪಾಳಿಯ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಂಪ್ಯೂಟರಿನಲ್ಲಿ ಅಡ್ಡಗೀಟು, ಉದ್ದಗೀಟು ಒತ್ತಿ ಚೌಕಗಳನ್ನು ಕಟ್ಟಿದೆ. ಒಳಗೆ ಕನ್ನಡದಲ್ಲಿ ಹೆಸರು ತುಂಬಿದೆ. ಅಚ್ಚಾಗಿ ಬಂದಾಗ ಗೆರೆಗಳೆಲ್ಲ ಡೊಂಕು. ರಾತ್ರಿ ಪಾಳಿ ಮಾಡಿದ ಕ್ಲೀನರ್ ಸೋದರನೊಬ್ಬ ಪಕ್ಕದ ಮನೆಯನ್ನು ತನ್ನದೆಂದು ಓದಿ ಬೆಳಗಿನ ಪಾಳಿಗೂ ನಿಂತ. ಮಧ್ಯಾಹ್ನ ತಲೆಸುತ್ತಿ ಬಿದ್ದ. ತಪ್ಪು ನನ್ನದು. ಉಪಕರಣದ ಗುಣವರಿಯದೆ ಅದನ್ನು ಹಿಡಿದಿದ್ದೆ.

ಅಕ್ಷರಗಳಿಂದ ಚಿತ್ರ ಬರೆಯುವುದು ಹಳೆಯ ವಿದ್ಯೆ. 1898ರಲ್ಲೇ ಫ್ಲೋರಾ ಸ್ಟೇಸಿ ಎಂಬಾಕೆ ಟೈಪ್‌ರೈಟರಿನಲ್ಲಿ ಚಿಟ್ಟೆಯನ್ನು ಮೂಡಿಸಿದ್ದರು. ಆ ಯಂತ್ರದಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಸಂಕೇತಪಟ್ಟಿ ಬಂತು. ಅದರಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. 1991ರಲ್ಲಿ ಯೂನಿಕೋಡ್ ನಮ್ಮ ಲಿಪಿಗೆ ಸ್ಥಾನ ಕೊಟ್ಟಿತು. ಆದರೆ ನಮ್ಮ ಅಕ್ಷರಗಳ ಅಗಲ ಒಂದೇ ಅಲ್ಲ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದಕ್ಷರ, ಯಂತ್ರಕ್ಕೆ ಆರು ಸಂಕೇತ. ಚೌಕ ಕದಲುವುದು ಇಲ್ಲಿಯೇ.

ಈಗ ಉಪಕರಣಗಳನ್ನು ತೂಗಿ ನೋಡೋಣ. ಆಸ್ಕಿಫ್ಲೋದಲ್ಲಿ ಮೌಸ್ ಎಳೆದರೆ ಅಕ್ಷರಗಳಿಂದಲೇ ಚೌಕ, ಬಾಣ ಮೂಡುತ್ತವೆ. ಡಿಟಾ ಅಂಥ ಬರಹವನ್ನು ನಿಜವಾದ ಚಿತ್ರವಾಗಿ ಮಾರ್ಪಡಿಸುತ್ತದೆ. ಎರಡೂ ಸಮ ಅಗಲದ ಅಕ್ಷರವನ್ನೇ ನಂಬಿವೆ. ಇಂಗ್ಲಿಷಿಗೆ ಸೊಗಸು, ಕನ್ನಡಕ್ಕೆ ತೊಡಕು.

ಗ್ರಾಫ್‌ವಿಜ್, ಮತ್ತು 2014ರಲ್ಲಿ ಬಂದ ಮರ್ಮೇಡ್ ಬೇರೆ ಜಾತಿ. ‘ಹಿಟ್ಟು, ಅದರಿಂದ ಇಡ್ಲಿ’ ಎಂಬ ಸಂಬಂಧವನ್ನು ಅವುಗಳ ಕ್ರಮದಲ್ಲಿ ಬರೆದುಕೊಟ್ಟರೆ ಸಾಕು. ಹೆಸರಿನ ಅಗಲವನ್ನು ತಾವೇ ಅಳೆದು ಸುತ್ತುಗೆರೆ ಹಾಕುತ್ತವೆ, ಬಾಣ ಎಳೆಯುತ್ತವೆ. ಕನ್ನಡವೂ ಕೂಡುತ್ತದೆ. ಯಾವುದು ಎಲ್ಲಿ ಕೂರಬೇಕೆಂಬುದು ಮಾತ್ರ ಬಹುಮಟ್ಟಿಗೆ ಅವುಗಳ ಇಷ್ಟ.

ಡ್ರಾ.ಐಒದಲ್ಲಿ ಎಲ್ಲವನ್ನೂ ಕೈಯಿಂದಲೇ ಇಡಬಹುದು, ಹೊಸಬರಿಗೆ ಸುಲಭ. ಆದರೆ ನಡುವೆ ಒಂದು ಹೆಜ್ಜೆ ಸೇರಿಸಬೇಕಾದರೆ ಉಳಿದವನ್ನು ಸಾಮಾನ್ಯವಾಗಿ ನಾವೇ ಸರಿಸಬೇಕು.

ಆದ್ದರಿಂದ ನನ್ನ ಸಲಹೆ ಇಷ್ಟು: ಬೆಂಕಿ ಬಿದ್ದಾಗ ಹೊರಬರುವ ದಾರಿಯ ನಕ್ಷೆಗೆ ಡ್ರಾ.ಐಒ; ಆಗಾಗ ಬದಲಾಗುವ ಕೆಲಸದ ಕ್ರಮಕ್ಕೆ ಮರ್ಮೇಡ್; ಪಾಳಿಯ ಪಟ್ಟಿಗೆ ಇವೊಂದೂ ಬೇಡ, ಲೆಕ್ಕದ ಹಾಳೆ ಎಕ್ಸೆಲ್ ಸಾಕು. ನಾನು ಹೆಸರಿಸಿದ ಚಿತ್ರದ ಉಪಕರಣಗಳಿಗೆ ಹಣ ಕೊಡಬೇಕಾಗಿಲ್ಲ.

ಕೊನೆಯದಾಗಿ ಒಂದು ಮಾತು. ಪಟ್ಟಿಯನ್ನು ಗೋಡೆಗೆ ಹಚ್ಚುವ ಮೊದಲು, ಅದರಂತೆ ದುಡಿಯುವವನ ಕೈಗೆ ಕೊಟ್ಟು ಓದಿಸಿರಿ. ಅಂದು ನಾನು ಅಷ್ಟು ಮಾಡಿದ್ದರೆ ಆ ಸೋದರ ಮನೆಗೆ ಹೋಗಿ ಮಲಗಿರುತ್ತಿದ್ದ.