ವಿಶ್ವಕಪ್ ಚಳಿಗಾಲಕ್ಕೆ ಹೋಯಿತು, ನಮ್ಮ ಆಟ ಯಾವಾಗ?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



"ಶಿಕ್ಷಣ ಮತ್ತು ಕ್ರೀಡೆ" ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನಗೆ ತಿಳಿಸಲಾಗಿದೆ. ಕ್ರೀಡೆಯಿಂದ ದೇಹ ಗಟ್ಟಿಯಾಗುತ್ತದೆ, ಶಿಸ್ತು ಬರುತ್ತದೆ ಎಂಬ ಮಾತುಗಳನ್ನು ತಾವು ಬಹಳ ಸಲ ಕೇಳಿದ್ದೀರಿ. ಆದ್ದರಿಂದ ನಾನು ಇಂದು ಒಂದೇ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ. ಆಟವನ್ನು ಯಾವ ಕಾಲದಲ್ಲಿ ಆಡಬೇಕು? ಅದನ್ನು ಯಾರನ್ನು ನೋಡಿ ಗೊತ್ತುಮಾಡಬೇಕು?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ರಜೆಯಲ್ಲಿ ನಮ್ಮ ಮೂರು ಊರುಗಳ ಹುಡುಗರಿಗಾಗಿ ಒಂದು ಕ್ರಿಕೆಟ್ ಟೂರ್ನಿ ನಡೆಯಿತು. ಸಂಘಟಕರಲ್ಲಿ ನಾನೂ ಒಬ್ಬನಿದ್ದೆ. ವೇಳಾಪಟ್ಟಿ ಬರೆದ ಕೈಯೂ ನನ್ನದೇ. ಎರಡನೆಯ ಪಂದ್ಯ ಹನ್ನೊಂದು ಗಂಟೆಗೆ ಆರಂಭವಾಯಿತು. ಬೌಂಡರಿಯಲ್ಲಿ ನಿಂತಿದ್ದ ಒಂಬತ್ತನೇ ತರಗತಿಯ ಹುಡುಗ ಚೆಂಡಿಗಾಗಿ ಓಡಿದವನು ಮೇಲೇಳಲಿಲ್ಲ. ಮೈ ಸುಡುತ್ತಿತ್ತು, ಮಾತು ತೊದಲುತ್ತಿತ್ತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಎರಡು ಬಾಟಲಿ ಸಲೈನ್ ಏರಿಸಿದ ಮೇಲೆ ಸಂಜೆಗೆ ಕಣ್ಣು ಬಿಟ್ಟು ಮಾತನಾಡಿದ. ಅಲ್‌ಹಮ್ದುಲಿಲ್ಲಾಹ್, ಇಂದು ಅವನು ಆರೋಗ್ಯವಾಗಿದ್ದಾನೆ. ಆದರೆ ಅವನ ತಾಯಿ ನನ್ನನ್ನು ಬೈಯಲಿಲ್ಲ. "ಸರ್, ಈ ಆಟ ಥಂಡಿ ದಿನದಾಗ ಇಟ್ಟಿದ್ರ ಏನ್ ಆಗ್ತಿತ್ತು ರೀ?" ಎಂದು ಕೇಳಿದರು, ಅಷ್ಟೆ. ನನ್ನ ಬಳಿ ಉತ್ತರವಿರಲಿಲ್ಲ. "ಪ್ರತಿ ವರ್ಷ ಮೇ ತಿಂಗಳಲ್ಲೇ ಇಡುತ್ತೇವಮ್ಮಾ" ಎಂದೆ. ಅದು ಉತ್ತರವಲ್ಲ, ರೂಢಿ ಮಾತ್ರ.

ಪ್ರಿಯ ವಿದ್ಯಾರ್ಥಿಗಳೇ, ಆ ತಾಯಿ ಕೇಳಿದ ಪ್ರಶ್ನೆಯನ್ನೇ ಜಗತ್ತಿನ ಅತಿ ದೊಡ್ಡ ಕ್ರೀಡಾ ಸಂಸ್ಥೆಗಳಲ್ಲಿ ಒಂದಾದ ಫಿಫಾ ಕೂಡ ಎದುರಿಸಬೇಕಾಯಿತು. 2010ರ ಡಿಸೆಂಬರ್ 2ರಂದು, 2022ರ ಫುಟ್‌ಬಾಲ್ ವಿಶ್ವಕಪ್ ನಡೆಸುವ ಅವಕಾಶ ಕತಾರ್ ದೇಶಕ್ಕೆ ದೊರೆಯಿತು. ಅಲ್ಲಿಯವರೆಗಿನ ವಿಶ್ವಕಪ್‌ಗಳು ಮೇ ಕೊನೆಯಿಂದ ಜುಲೈ ಕೊನೆಯೊಳಗೇ ನಡೆದಿದ್ದವು. ಯೂರೋಪಿನ ದೊಡ್ಡ ಲೀಗ್‌ಗಳು ಆಗಸ್ಟ್‌ನಲ್ಲಿ ಆರಂಭವಾಗಿ ಮೇ ತಿಂಗಳಲ್ಲಿ ಮುಗಿಯುತ್ತವೆ. ಆಟಗಾರರಿಗೆ ಬಿಡುವಿರುವುದು ಆಗಲೇ. ಆದರೆ ಜೂನ್, ಜುಲೈನಲ್ಲಿ ದೋಹಾ ನಗರದ ಬಿಸಿಲು 40 ಡಿಗ್ರಿ ದಾಟುತ್ತದೆ, ಅದರ ಮೇಲೆ ಸಮುದ್ರದ ಸೆಖೆ ಬೇರೆ. ಕ್ರೀಡಾಂಗಣಗಳನ್ನೇ ತಂಪು ಮಾಡುತ್ತೇವೆ ಎಂದು ಕತಾರ್ ಹೇಳಿತ್ತು. ಆದರೂ ಲಕ್ಷಾಂತರ ಪ್ರೇಕ್ಷಕರು ಬೀದಿಯಲ್ಲಿ ನಡೆಯಲೇಬೇಕಲ್ಲವೇ?

ಚರ್ಚೆ ವರ್ಷಗಟ್ಟಲೆ ನಡೆಯಿತು. ಲೀಗ್‌ಗಳು, ಕ್ಲಬ್‌ಗಳು ನಷ್ಟವಾಗುತ್ತದೆ ಎಂದವು. ಕೊನೆಗೆ 2015ರ ಮಾರ್ಚ್‌ನಲ್ಲಿ ಫಿಫಾ ಕಾರ್ಯಕಾರಿ ಸಮಿತಿ ಪಂದ್ಯಾವಳಿಯನ್ನು ನವೆಂಬರ್-ಡಿಸೆಂಬರ್‌ಗೆ ಸರಿಸಲು ತೀರ್ಮಾನಿಸಿತು. 2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ, 29 ದಿನಗಳಲ್ಲಿ, 64 ಪಂದ್ಯಗಳು ನಡೆದವು. 2018ರಲ್ಲಿ ಇಷ್ಟೇ ಪಂದ್ಯಗಳಿಗೆ 32 ದಿನ ಹಿಡಿದಿತ್ತು. ಯೂರೋಪಿನ ಲೀಗ್‌ಗಳು ನಡುವೆಯೇ ನಿಂತವು. ಆಟಗಾರರನ್ನು ಬಿಟ್ಟುಕೊಟ್ಟ ಕ್ಲಬ್‌ಗಳಿಗಾಗಿ ಫಿಫಾ 20.9 ಕೋಟಿ ಡಾಲರ್ ತೆಗೆದಿರಿಸಿತು. ಮೊರಾಕ್ಕೊ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ದೇಶವಾಯಿತು. ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವಿನ ಫೈನಲ್ ತಮಗೆಲ್ಲ ನೆನಪಿದೆ. ಕಾಲ ಬದಲಾದ ಮಾತ್ರಕ್ಕೆ ಆಟದ ಸ್ವಾದ ಕೆಡಲಿಲ್ಲ.

"ವಿಶ್ವಕಪ್ ಚಳಿಗಾಲಕ್ಕೆ ಬಂದದ್ದು ಇದೇ ಮೊದಲು" ಎಂದು ಅನೇಕರು ಹೇಳಿದರು. ಭೂಗೋಳ ಓದಿದ ಮಕ್ಕಳು ಇಲ್ಲಿ ಕೈ ಎತ್ತಬೇಕು. ಭೂಮಧ್ಯರೇಖೆಯ ದಕ್ಷಿಣಕ್ಕೆ ಜೂನ್, ಜುಲೈ ಎಂದರೆ ಚಳಿಗಾಲವೇ. 1930ರ ಮೊದಲ ವಿಶ್ವಕಪ್ ಉರುಗ್ವೆಯಲ್ಲಿ ನಡೆದದ್ದು ಜುಲೈ ತಿಂಗಳಲ್ಲಿ. 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದದ್ದೂ ಅಲ್ಲಿಯ ಚಳಿಯಲ್ಲೇ. ಏಷ್ಯಾ ಕಪ್ಪಂತೂ 2011ರ ಜನವರಿಯಲ್ಲಿ ಕತಾರ್‌ನಲ್ಲೇ ನಡೆದಿತ್ತು. ಹೀಗಾಗಿ ಹೊಸದಾಗಿ ಕಂಡದ್ದು ಚಳಿಯಲ್ಲ. ಯೂರೋಪಿನ ಅನುಕೂಲಕ್ಕೆ ಬರೆದ ಕ್ಯಾಲೆಂಡರ್ ಬೇರೊಂದು ನೆಲದ ಹವೆಗೆ ತಲೆಬಾಗಿದ್ದು.

ಉರ್ದು ಕಲಿಸುವವನಾದ್ದರಿಂದ ಒಂದು ಶಬ್ದದ ಬಗ್ಗೆ ಹೇಳುತ್ತೇನೆ. ನಾವು "ಮೌಸಮ್" ಎನ್ನುತ್ತೇವೆ. ಅರಬ್ಬಿಯಲ್ಲಿ "ಮೌಸಿಮ್" ಎಂದರೆ ಜಾತ್ರೆಗೆ, ಸುಗ್ಗಿಗೆ, ಒಂದು ಕೆಲಸಕ್ಕೆ ಗೊತ್ತಾದ ಕಾಲ. ಇಂಗ್ಲಿಷಿನ "ಮಾನ್ಸೂನ್" ಬಂದದ್ದೂ ಅದರಿಂದಲೇ. ಹವೆ ನೋಡಿ ಕೆಲಸದ ಕಾಲ ಗೊತ್ತುಮಾಡು ಎಂಬ ಬುದ್ಧಿ ಆ ಶಬ್ದದಲ್ಲೇ ಇದೆ. ಇನ್ನು ನಮ್ಮ ಹಿಜರಿ ಪಂಚಾಂಗ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಮೇ ತಿಂಗಳ ಉರಿಯಲ್ಲಿ ರೋಜಾ ಇಟ್ಟ ಮನೆಯೇ ಕೆಲವು ವರ್ಷಗಳ ನಂತರ ಚಳಿಯಲ್ಲೂ ಇಡುತ್ತದೆ. ಹಬ್ಬ ಸರಿದಂತೆಲ್ಲ ಮನೆಯ ಕೆಲಸ, ನಿದ್ದೆ, ಅಡುಗೆ ಎಲ್ಲವನ್ನೂ ಸರಿಸಿಕೊಳ್ಳುವುದು ನಮಗೆ ಬಾಲ್ಯದಿಂದಲೇ ಗೊತ್ತು. 2034ರ ವಿಶ್ವಕಪ್ ಸೌದಿ ಅರೇಬಿಯಾಕ್ಕೆ ಎಂದು 2024ರ ಡಿಸೆಂಬರ್ 11ರಂದು ನಿರ್ಧಾರವಾಯಿತು. ಅಲ್ಲಿಯೂ ಬೇಸಿಗೆ ಕಠಿಣ. ಚಳಿಗಾಲಕ್ಕೆ ಹಾಕೋಣವೆಂದರೆ ಆ ವರ್ಷ ರಂಜಾನ್ ಬರುವುದು ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ. ಆದ್ದರಿಂದ ಈ ಲೆಕ್ಕಾಚಾರ ಕತಾರ್‌ಗೆ ಮುಗಿಯಲಿಲ್ಲ.

ಬಿಸಿಲಿನ ವಿಜ್ಞಾನವನ್ನೂ ತಿಳಿಯೋಣ. ನಮ್ಮ ಮೈ ತಂಪಾಗುವುದು ಬೆವರು ಆರುವುದರಿಂದ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಒಳಗಿನ ಕಾವು ಹೊರಗೆ ಹೋಗುವುದಿಲ್ಲ. ಅದಕ್ಕಾಗಿ ಬಿಸಿಲು, ತೇವ, ಗಾಳಿ ಎಲ್ಲವನ್ನೂ ಸೇರಿಸಿ ಅಳೆಯುವ ಒಂದು ಮಾಪಕವಿದೆ. ಅದರಲ್ಲಿ 32 ಡಿಗ್ರಿ ದಾಟಿದರೆ ಆಟ ನಿಲ್ಲಿಸಿ ನೀರು ಕುಡಿಸಬೇಕು ಎಂಬ ನಿಯಮ 2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿತ್ತು. ಆ ಪ್ರಕಾರ ಫೋರ್ಟಲೇಜಾದಲ್ಲಿ ನೆದರ್‌ಲ್ಯಾಂಡ್ಸ್-ಮೆಕ್ಸಿಕೊ ಪಂದ್ಯದಲ್ಲಿ ಆಟ ನಿಲ್ಲಿಸಿ ನೀರು ಕೊಟ್ಟರು. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ನಡೆದ ಕ್ಲಬ್ ವಿಶ್ವಕಪ್‌ನಲ್ಲಿ ಜರ್ಮನಿಯ ಡಾರ್ಟ್‌ಮಂಡ್ ತಂಡದ ಬದಲಿ ಆಟಗಾರರು ಬಿಸಿಲಿಗೆ ಅಂಜಿ ಮೊದಲರ್ಧವನ್ನು ಡ್ರೆಸ್ಸಿಂಗ್ ರೂಮಿನಲ್ಲೇ ಕುಳಿತು ನೋಡಿದರು. 2026ರ ವಿಶ್ವಕಪ್‌ಗೆ ಮತ್ತೆ ಜೂನ್-ಜುಲೈ ತಿಂಗಳನ್ನೇ ಗೊತ್ತುಮಾಡಿದಾಗ, ಹವೆ ಹೇಗೇ ಇರಲಿ, ಪ್ರತಿ ಅರ್ಧದಲ್ಲೂ 3 ನಿಮಿಷ ನೀರಿನ ಬಿಡುವು ಎಂದು ನಿಯಮ ಮಾಡಬೇಕಾಯಿತು. ಅಷ್ಟು ತರಬೇತಿ ಪಡೆದ ದೇಹಗಳ ಗತಿ ಇದಾದರೆ, ಬೆಳಿಗ್ಗೆ ಬರೀ ಚಹಾ ಕುಡಿದು ಮೈದಾನಕ್ಕೆ ಬರುವ ನಮ್ಮ ಮಕ್ಕಳ ಗತಿ ಏನು?

ಸಭಿಕರೇ, ಇಷ್ಟು ಹೇಳಿ ಫಿಫಾವನ್ನು ಹೊಗಳಿ ಕುಳಿತರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ನನ್ನ ಖಾಲಾನ ಮಗ ದೋಹಾದಲ್ಲಿ ಕಟ್ಟಡ ಕೆಲಸ ಮಾಡಿ ಬಂದವನು. ವಿಶ್ವಕಪ್ ನೋಡುತ್ತಾ ಕುಳಿತಾಗ ಅವನು ಹೇಳಿದ ಮಾತು: "ಭಾಯಿ, ಆಟಾನ ಮುಂದಕ್ಕ ಹಾಕಿದ್ರು. ನಮ್ ಕೆಲಸಾನ ಹಾಕ್ಲಿಲ್ಲ." ಆ ಕ್ರೀಡಾಂಗಣಗಳು, ರಸ್ತೆಗಳು, ಮೆಟ್ರೊ ತಯಾರಾದದ್ದು ಹತ್ತಾರು ಬೇಸಿಗೆಗಳಲ್ಲಿ. ಕಟ್ಟಿದವರಲ್ಲಿ ಭಾರತ, ನೇಪಾಳ, ಬಾಂಗ್ಲಾದೇಶದ ಕೂಲಿಗಳು ಬಹಳ. ಬೇಸಿಗೆಯ ಮಧ್ಯಾಹ್ನ ಹನ್ನೊಂದೂವರೆಯಿಂದ ಮೂರರವರೆಗೆ ಹೊರಗಿನ ಕೆಲಸ ಬೇಡ ಎಂಬ ನಿಯಮ ಅಲ್ಲಿ ಮೊದಲಿನಿಂದ ಇತ್ತು. 2021ರಲ್ಲಿ ಅದನ್ನು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಎಂದು ವಿಸ್ತರಿಸಿದರು. ಒಳ್ಳೆಯ ನಿಯಮವೇ. ಆದರೆ ಆಟದ ದಿನ ಬದಲಿಸಲು ತೀರ್ಮಾನಿಸಿದ್ದು 2015ರಲ್ಲಿ, ಕೂಲಿಯ ನೆರಳನ್ನು ಹೆಚ್ಚಿಸಿದ್ದು 2021ರಲ್ಲಿ. ಹರೆಯದ ಕಾರ್ಮಿಕರ ಸಾವುಗಳನ್ನು ಸರಿಯಾಗಿ ತನಿಖೆ ಮಾಡದೆ "ಸಹಜ ಕಾರಣ" ಎಂದು ಬರೆಯಲಾಗಿದೆ ಎಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2021ರಲ್ಲಿ ಆಕ್ಷೇಪಿಸಿತು. ಒಂದು ತಿಂಗಳು ಆಡುವವರ ಬಿಸಿಲು ಮೊದಲು ಕಂಡಿತು, ಹತ್ತು ವರ್ಷ ದುಡಿದವರದು ತಡವಾಗಿ ಕಂಡಿತು.

ಇದನ್ನು ಕತಾರ್‌ನ ತಪ್ಪು ಎಂದು ಹೇಳಿ ಕೈ ತೊಳೆದುಕೊಳ್ಳಬೇಡಿ. ನಮ್ಮದೂ ಬಿಸಿಲ ನಾಡು. ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಿ ಆದೇಶ ಹೊರಡಿಸುವುದು ರೂಢಿ. ಫ್ಯಾನಿನ ಕೆಳಗೆ ಕುಳಿತವರಿಗೆ ಆದೇಶವಿದೆ. ಸಿಂಧನೂರಿನ ಕಾಲುವೆ ಗದ್ದೆಗಳಲ್ಲಿ ಬಗ್ಗಿ ಕೆಲಸ ಮಾಡುವ ತಾಯಂದಿರಿಗೆ, ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ತಳ್ಳುಗಾಡಿ ಹಿಡಿದವರಿಗೆ ಯಾವ ಆದೇಶವಿದೆ? ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ದೊರೆತ ಶಾಸನದಿಂದ "ದೇವಾನಾಂಪ್ರಿಯ" ಎಂಬ ರಾಜ ಅಶೋಕನೇ ಎಂದು ಜಗತ್ತಿಗೆ ಖಚಿತವಾಯಿತು. ಅದೇ ಅಶೋಕ ದಾರಿಯ ಬದಿ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು ತನ್ನ ಬೇರೆ ಶಾಸನಗಳಲ್ಲಿ ಬರೆಸಿದ್ದಾನೆ. ಅದು ಮನುಷ್ಯರಿಗಷ್ಟೇ ಅಲ್ಲ, ದನಕರುಗಳಿಗೂ ಎಂದಿದ್ದಾನೆ. ಬಿಸಿಲಲ್ಲಿ ನಡೆಯುವವನನ್ನು ನೆನೆಯುವುದು ಈ ನೆಲಕ್ಕೆ ಹೊಸದಲ್ಲ.

ಈಗ ನಮ್ಮ ಟೂರ್ನಿಯ ಮಾತು. ಚಳಿಗಾಲಕ್ಕೆ ಹಾಕೋಣ ಎಂದ ಕೂಡಲೇ ಎಲ್ಲವೂ ಸರಿಹೋಗುವುದಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಭತ್ತದ ಕೊಯ್ಲು, ಹತ್ತಿ ಬಿಡಿಸುವ ಕೆಲಸ. ನಮ್ಮ ಎಷ್ಟೋ ಮಕ್ಕಳು ಆಗ ತಂದೆ ತಾಯಿಯ ಜೊತೆ ಹೊಲದಲ್ಲಿರುತ್ತಾರೆ. ಹತ್ತನೇ ತರಗತಿಯವರಿಗೆ ಪೂರ್ವಸಿದ್ಧತಾ ಪರೀಕ್ಷೆಯ ಚಿಂತೆ. ಬೆಂಗಳೂರಿಗೆ ದುಡಿಯಲು ಹೋದ ಹುಡುಗರು ಊರಿಗೆ ಬರುವುದು ಬೇಸಿಗೆಯಲ್ಲೇ. ಅವರಿಗೆ ವರ್ಷಕ್ಕೊಮ್ಮೆ ಸಿಗುವ ಸಂತೋಷ ಈ ಆಟ. ದಿನ ಬದಲಾದರೆ ಯಾರಿಗಾದರೂ ನಷ್ಟವಿದ್ದೇ ಇದೆ. ಫಿಫಾ ದುಡ್ಡು ಕೊಟ್ಟು ಸರಿದೂಗಿಸಿತು. ನಮ್ಮಲ್ಲಿ ಅಷ್ಟು ದುಡ್ಡಿಲ್ಲ, ಆದರೆ ಕೂತು ಮಾತನಾಡುವ ವ್ಯವಧಾನ ಇದೆ.

ಆದ್ದರಿಂದ ಸಂಸ್ಥೆಯ ಮುಂದೆ ನನ್ನ ವಿನಂತಿ ಇಷ್ಟು. ಶಾಲಾ ಮಕ್ಕಳ ಪಂದ್ಯಗಳನ್ನು ಜನವರಿಯ ಭಾನುವಾರಗಳಿಗೆ ಸರಿಸೋಣ, ಹತ್ತನೆಯವರ ಪಂದ್ಯ ಮೊದಲ ವಾರದಲ್ಲೇ ಮುಗಿಯಲಿ. ದುಡಿಯುವ ಯುವಕರ ಪಂದ್ಯ ಮೇ ತಿಂಗಳಲ್ಲೇ ಇರಲಿ, ಆದರೆ ಬೆಳಿಗ್ಗೆ ಆರಕ್ಕೆ ಆರಂಭವಾಗಿ ಒಂಬತ್ತಕ್ಕೆ ಸ್ಟಂಪ್ ಕೀಳಬೇಕು. ಮೈದಾನದಲ್ಲಿ ನೆರಳು, ನೀರು, ಉಪ್ಪು-ಸಕ್ಕರೆ ನೀರು ಇಲ್ಲದೆ ಟಾಸ್ ಹಾಕಬಾರದು. ಥಂಡಿ ಕಾಲಕ್ಕೆ ಬಂದ ಆಟದಲ್ಲಿ ಹೆಣ್ಣುಮಕ್ಕಳಿಗೂ ಪಂದ್ಯಗಳಿರಲಿ. ದಿನಾಂಕ ಬರೆಯುವ ಮುನ್ನ ಮೂರೂ ಊರಿನ ಮಕ್ಕಳನ್ನು, ಅವರ ತಾಯಂದಿರನ್ನು ಕೇಳೋಣ.

ವಿದ್ಯಾರ್ಥಿಗಳೇ, ತಾವು ಮುಂದೆ ಅಧಿಕಾರಿಗಳಾಗಬಹುದು, ಗುತ್ತಿಗೆದಾರರಾಗಬಹುದು, ಶಿಕ್ಷಕರಾಗಬಹುದು. ಯಾವುದೇ ಕೆಲಸದ ದಿನಾಂಕ ಬರೆಯುವಾಗ "ಅಂದು ಬಿಸಿಲಲ್ಲಿ ನಿಲ್ಲುವವರು ಯಾರು?" ಎಂದು ಒಂದು ಸಲ ಕೇಳಿಕೊಳ್ಳಿ. ಅಂದು ನಾನು ಕೇಳಿಕೊಂಡಿರಲಿಲ್ಲ. ಆ ತಾಯಿಗೆ ಕೊಡಬೇಕಾದ ಉತ್ತರ ಇನ್ನೂ ನನ್ನ ಮೇಲೆ ಬಾಕಿ ಇದೆ. ಬರುವ ಜನವರಿಯಲ್ಲಿ ಅವರ ಮಗ ಬೌಂಡರಿಯಲ್ಲಿ ನಿಂತು ಆಡುವುದನ್ನು ಅವರು ಬಂದು ನೋಡಿದರೆ, ಆ ಬಾಕಿ ತೀರಿತೆಂದು ತಿಳಿಯುತ್ತೇನೆ.

 ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.