ಕೋಡಿಂಗ್ ಬಾರದ ನಾವು ಒಂದು ಗೇಮ್ ಮಾಡಿದ್ವಿ



ನಾವು ನಾಲ್ಕು ಜನ, ಮಡಕಶಿರಾ ಕಡೆಯವರು. ಒಬ್ಬರು ಬ್ಯಾಂಕ್ ಗುಮಾಸ್ತರು, ಒಬ್ಬರದು ಮೊಬೈಲ್ ರಿಪೇರಿ ಅಂಗಡಿ, ಇನ್ನಿಬ್ಬರು ಡಿಗ್ರಿ ಓದ್ತಿದ್ದಾರೆ. ಓದಿದ್ದು ಬಿ.ಕಾಂ., ಬಿ.ಎ. ಕೋಡಿಂಗ್ ಯಾರಿಗೂ ಬರೋದಿಲ್ಲ. ಆದ್ರೂ ನಮ್ಮದೊಂದು ಗೇಮ್ ಈಗ ಪ್ಲೇ ಸ್ಟೋರ್‌ನಲ್ಲಿದೆ. ಅದು ಹೇಗಾಯ್ತು, ಎಲ್ಲೆಲ್ಲಿ ಎಡವಿದ್ವಿ ಅನ್ನೋದನ್ನ ಹೇಳೋಕೆ ನಿಂತಿದ್ದೇವೆ.

ಶುರುವಾಗಿದ್ದು ಒಂದು ಮದುವೆ ಪತ್ರಿಕೆಯಿಂದ. ನಮ್ಮ ಮನೆಯ ಹುಡುಗಿ ಮೂರನೇ ಕ್ಲಾಸು. ಮನೇಲಿ ಅಜ್ಜಿ ಜೊತೆ ಅಚ್ಚ ಕನ್ನಡ ಮಾತಾಡ್ತಾಳೆ, ಶಾಲೇಲಿ ತೆಲುಗು, ಇಂಗ್ಲಿಷ್. ಪತ್ರಿಕೇಲಿ ಅಜ್ಜಿಯ ಹೆಸರು ಕನ್ನಡದಲ್ಲಿತ್ತು. ಓದು ಅಂದ್ವಿ. ರ, ಗ, ಮ ಎರಡೂ ಲಿಪಿಯಲ್ಲಿ ಹತ್ತಿರ ಹತ್ತಿರ ಇರೋದ್ರಿಂದ ಊಹೆ ಮೇಲೆ ಓದಿದಳು. ಕ ಬಂದಾಗ ನಿಂತಳು, ತ ಬಂದಾಗ ನಿಂತಳು. ಅಜ್ಜಿ ನಕ್ಕು ಸುಮ್ಮನಾದ್ರು. ನಮಗೆ ನಗು ಬರಲಿಲ್ಲ. ಪುಸ್ತಕ ಕೊಟ್ಟರೆ ಮೂಲೆಗೆ ಹೋಗುತ್ತೆ, ಫೋನ್ ಮಾತ್ರ ಕೈ ಬಿಡಲ್ಲ. ಹಂಗಾದ್ರೆ ಫೋನಿನೊಳಗೇ ಅಕ್ಷರ ಇಡೋಣ ಅಂತ ತೀರ್ಮಾನ ಮಾಡಿದ್ವಿ.

ಮೊದಲನೇ ತಪ್ಪು ಕೇಳಿ. ಹತ್ತು ಹಂತ, ಕಾಡು, ರಾಕ್ಷಸ, ಓಡೋ ಕುದುರೆ ಅಂತ ದೊಡ್ಡ ಗೇಮ್ ಯೋಚಿಸಿದ್ವಿ. ಎರಡು ತಿಂಗಳು ಕಳೆದ್ರೂ ಕುದುರೆ ನೆಟ್ಟಗೆ ಓಡಲಿಲ್ಲ. ಎಲ್ಲಾ ಅಳಿಸಿ, ಒಂದು ಹಾಳೆ ಮೇಲೆ ಮೂರು ಸಾಲು ಬರೆದ್ವಿ. ಒಂದು ಅಕ್ಷರ ಕೇಳಿಸುತ್ತೆ. ತೆರೆ ಮೇಲೆ ನಾಲ್ಕು ಅಕ್ಷರ ತೇಲುತ್ವೆ. ಸರಿಯಾದ್ದನ್ನ ಮುಟ್ಟಬೇಕು. ಅಷ್ಟೇ! ಹಾಳೆ ಮೇಲೆ ಮೂರು ಸಾಲಲ್ಲಿ ಹೇಳೋಕಾಗದ ಗೇಮನ್ನ ಮೊದಲ ಸಲ ಮುಟ್ಟಬೇಡಿ.

ನಾವು ಬಳಸಿದ್ದು ಜಿಡೆವಲಪ್. ಇದು ಓಪನ್ ಸೋರ್ಸ್, ಉಚಿತ. ಕಂಪ್ಯೂಟರ್ ಬ್ರೌಸರ್‌ನಲ್ಲೂ ನಡೆಯುತ್ತೆ, ಫೋನಿನಲ್ಲೂ ಅದರ ಆ್ಯಪ್ ಇದೆ. ಇಲ್ಲಿ ಕೋಡ್ ಬದಲು ಎರಡು ಕಾಲಂ. ಎಡಗಡೆ 'ಹೀಗಾದರೆ', ಬಲಗಡೆ 'ಹೀಗೆ ಮಾಡು'. ಸರಿಯಾದ ಅಕ್ಷರ ಮುಟ್ಟಿದರೆ, ಅಂಕ ಒಂದು ಹೆಚ್ಚಿಸು. ತಪ್ಪು ಮುಟ್ಟಿದರೆ, ಒಂದು ಜೀವ ಕಳೆ. ಜೀವ ಸೊನ್ನೆ ಆದರೆ, ಆಟ ಮುಗಿಸು. ಲೆಡ್ಜರ್ ಬರೆದು ಅಭ್ಯಾಸ ಇದ್ದೋರಿಗೆ ಇದು ಜಮಾ ಖರ್ಚಿನ ಹಂಗೇ. ಕೋಡಿಂಗ್ ಬೇಡ ಅಂದ್ರೆ ಯೋಚನೆ ಬೇಡ ಅಂತಲ್ಲ. ಒಂದೊಂದು 'ಆದರೆ'ಯನ್ನೂ ನಾವೇ ಯೋಚಿಸಬೇಕು.

ಕನ್ನಡದವರಿಗೇ ಬರೋ ಒಂದು ತೊಂದರೆ ಇದೆ, ಗಮನ ಇಟ್ಟು ಕೇಳಿ. ಎಷ್ಟೋ ಗೇಮ್ ತಂತ್ರಾಂಶಗಳಲ್ಲಿ ಕನ್ನಡ ಒಡೆಯುತ್ತೆ. 'ಅಮ್ಮ' ಅಂತ ಬರೆದರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತೆ. ನಾವು ಮೊದಲು ಬಿಟ್‌ಮ್ಯಾಪ್ ಟೆಕ್ಸ್ಟ್ ಹಾಕಿ ಕೆಟ್ಟಿದ್ದು ಹೀಗೆ. ಅದು ಒಂದೊಂದು ಅಕ್ಷರದ ಚಿತ್ರ ತಂದು ಸಾಲಾಗಿ ಜೋಡಿಸುತ್ತೆ, ಒತ್ತಕ್ಷರದ ಲೆಕ್ಕ ಅದಕ್ಕೆ ಗೊತ್ತಿಲ್ಲ. ಸಾಮಾನ್ಯ ಟೆಕ್ಸ್ಟ್ ಹಾಕಿ, ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಫೈಲನ್ನ ಗೇಮಿನೊಳಗೇ ಸೇರಿಸಿದ ಮೇಲೆ ಸರಿಹೋಯ್ತು. ಈ ಫಾಂಟ್ ಉಚಿತ, ಗೇಮಿನಲ್ಲಿ ಬಳಸೋಕೆ ಪರವಾನಗಿಯ ತಕರಾರಿಲ್ಲ. ಬಲೂ ತಮ್ಮ ಫಾಂಟ್ ಕೂಡ ಹಂಗೇ, ಮಕ್ಕಳಿಗೆ ಚೆಂದ ಕಾಣುತ್ತೆ. ನೆಟ್‌ನಲ್ಲಿ ಸಿಕ್ಕ ಚಿತ್ರ, ಸಿನಿಮಾ ಹಾಡು ಮಾತ್ರ ಹಾಕಬೇಡಿ. ಅವು ಇನ್ನೊಬ್ಬರ ಸ್ವತ್ತು.

ಇನ್ನು ಪ್ರಕಟಣೆ. ಗೂಗಲ್ ಪ್ಲೇ ಡೆವಲಪರ್ ಖಾತೆಗೆ 25 ಡಾಲರ್, ಒಂದೇ ಸಲ. ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್, ಅದನ್ನ ಬಿಟ್ಟುಬಿಟ್ವಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಇನ್ನೊಂದು ಷರತ್ತಿದೆ. ಎಲ್ಲರಿಗೂ ಬಿಡುಗಡೆ ಮಾಡೋ ಮೊದಲು ಕನಿಷ್ಠ 12 ಪರೀಕ್ಷಕರು ಸತತ 14 ದಿನ ಜೊತೇಲಿರಬೇಕು. ಮೊದಲು ಇದು 20 ಇತ್ತು. ನಾವು ಸರಿಯಾಗಿ 12 ಜನರನ್ನಷ್ಟೇ ಸೇರಿಸಿದ್ವಿ. ಒಂಬತ್ತನೇ ದಿನ ಒಬ್ಬರು ಪಟ್ಟಿಯಿಂದ ಹೊರಗೆ ಹೋದ್ರು, ಲೆಕ್ಕ ಮತ್ತೆ ಮೊದಲಿಂದ! ಎರಡನೇ ಸಲ ಹೊಸೂರು, ತಾಳವಾಡಿ, ಕಾಸರಗೋಡಿನ ಗೆಳೆಯರನ್ನೂ ಕೇಳಿ ಹದಿನೆಂಟು ಜನ ಮಾಡಿಕೊಂಡ್ವಿ. ಆಗ ಆಯ್ತು. ಖಾಸಗಿತನ ನೀತಿಯ ಪುಟ, ವಯಸ್ಸಿನ ಶ್ರೇಣಿ, ಯಾವ ಮಾಹಿತಿ ತಗೋತೀವಿ ಅನ್ನೋ ಫಾರಂ, ಇವನ್ನೂ ತುಂಬಬೇಕು. ಇಷ್ಟೆಲ್ಲಾ ಈಗಲೇ ಬೇಡ ಅನ್ನೋರು ಇಚ್ ಡಾಟ್ ಐಓ ತಾಣಕ್ಕೆ ಹಾಕಿ. ಅಲ್ಲಿ ಶುಲ್ಕ ಇಲ್ಲ, ಲಿಂಕ್ ಕಳಿಸಿದರೆ ಬ್ರೌಸರ್‌ನಲ್ಲೇ ಆಡಬಹುದು.

ದುಡ್ಡು ಎಷ್ಟು ಬಂತು ಅಂತ ಕೇಳ್ತೀರಿ. ಒಂದು ರೂಪಾಯಿಯೂ ಇಲ್ಲ. ಮಕ್ಕಳ ಗೇಮು, ಜಾಹೀರಾತು ಬೇಡ ಅಂತ ನಾವೇ ಬಿಟ್ವಿ. ಜಾಹೀರಾತು ಹಾಕಿದ್ರೂ ಆ್ಯಡ್‌ಮಾಬ್‌ನಲ್ಲಿ 100 ಡಾಲರ್ ಸೇರೋವರೆಗೆ ಹಣ ಕೈಗೆ ಬರಲ್ಲ. ತಿಂಗಳಿಗೆ ಲಕ್ಷ ಅಂತ ಕೋರ್ಸ್ ಮಾರೋರಿಗೆ ಸಾಲ ಮಾಡಿ ದುಡ್ಡು ಕಟ್ಟಬೇಡಿ. ಕೌಂಟರ್‌ನಲ್ಲಿ ಕೂತು ಇಂಥ ಕಂತು ಕಟ್ಟೋರ ಮುಖ ನೋಡಿದ್ದೇವೆ, ಅದಕ್ಕೇ ಈ ಮಾತು. ಕಲಿಯೋಕೆ ಬೇಕಾದ ಪಾಠ ಜಿಡೆವಲಪ್ ತಾಣದಲ್ಲೇ ಪುಕ್ಕಟೆ ಇದೆ.

ಗೇಮಿನಲ್ಲಿ ಕೇಳಿಸೋ ದನಿ ಯಾರದು ಗೊತ್ತಾ? ಆ ಅಜ್ಜಿಯದೇ. ಫೋನಿನಲ್ಲಿ ರೆಕಾರ್ಡ್ ಮಾಡಿದ್ವಿ, ಹಿಂದೆ ಕೋಳಿ ಕೂಗಿದ್ದೂ ಬಂದಿದೆ, ಇರಲಿ ಅಂತ ಬಿಟ್ವಿ. ಹುಡುಗಿ ಈಗ ಆ ಪತ್ರಿಕೇಲಿ ಅಜ್ಜಿಯ ಹೆಸರು ಓದ್ತಾಳೆ. ಒತ್ತಕ್ಷರ ಬಂದರೆ ಇನ್ನೂ ತಡವರಿಸ್ತಾಳೆ. ಅದಕ್ಕೇ ಎರಡನೇ ಹಂತ ಮಾಡ್ತಾ ಇದ್ದೇವೆ.

ನಿಮ್ಮೂರಲ್ಲಿ ಮಕ್ಕಳು ತಡವರಿಸೋ ಅಕ್ಷರ ಬೇರೆ ಇರಬಹುದು. ತಮಿಳು ಓದೋ ಮಗು ಒಂದು ಕಡೆ, ಮರಾಠಿ ಓದೋ ಮಗು ಇನ್ನೊಂದು ಕಡೆ ನಿಲ್ಲುತ್ತೆ. ಅದು ಎಲ್ಲಿ ಅಂತ ನಿಮಗೇ ಗೊತ್ತು, ಬೆಂಗಳೂರಿನ ಕಂಪನಿಗೆ ಗೊತ್ತಾಗಲ್ಲ. ಇವತ್ತು ಮನೆಗೆ ಹೋಗಿ ಒಂದು ಹಾಳೆ ತಗೊಳ್ಳಿ, ಮೂರು ಸಾಲು ಬರೆಯಿರಿ. ಪರೀಕ್ಷಕರು ಬೇಕಾದಾಗ ನಮ್ಮನ್ನ ಕರೀರಿ, ನಾಲ್ಕು ಜನ ಇಲ್ಲೇ ಇದ್ದೇವೆ.